ಬಿಲಿರುಬಿನ್ ಎದುರಿನ ಬಾಣದ ಗುರುತು

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಆಗಿನ ಆದಾಯ ತೆರಿಗೆ ಕಾಯ್ದೆಯ 80ಡಿ ಸೆಕ್ಷನ್ನಿನಡಿ ಆರೋಗ್ಯ ತಪಾಸಣೆಗೆ ಸಿಗುತ್ತಿದ್ದ 5,000 ರೂಪಾಯಿಯ ವಿನಾಯಿತಿ ಕೈತಪ್ಪಬಾರದೆಂಬ ಒಂದೇ ಕಾರಣಕ್ಕೆ ನಾನು ಒಂದು ಲ್ಯಾಬಿನಲ್ಲಿ ‘ಮಾಸ್ಟರ್ ಹೆಲ್ತ್ ಚೆಕಪ್’ ಮಾಡಿಸಿಕೊಂಡೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಅವರೇ ಕೊಟ್ಟ ಕೂಪನ್ನಿನಲ್ಲಿ ಎರಡು ಇಡ್ಲಿ ತಿಂದು ಮನೆಗೆ ಬಂದೆ. ಸಂಜೆ ಮೊಬೈಲಿಗೆ ಬಂದ ವರದಿಯಲ್ಲಿ 62 ಪರೀಕ್ಷೆಗಳಿದ್ದವು. ಅವುಗಳಲ್ಲಿ ಒಂದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಪಕ್ಕದಲ್ಲಿ ಮೇಲ್ಮುಖದ ಬಾಣವನ್ನು ಹಾಕಿದ್ದರು. ಹಳೆಯ ರಕ್ತಕಣಗಳು ಒಡೆದಾಗ ಹುಟ್ಟುವ, ಯಕೃತ್ತು ಹೊರಹಾಕಬೇಕಾದ ಹಳದಿ ವಸ್ತುವಾದ ಬಿಲಿರುಬಿನ್ 1.9, ಇರಬೇಕಾದ ಗರಿಷ್ಠ ಮಿತಿ 1.2. ಮುಂದಿನ ಹದಿನೈದು ದಿನಗಳು ಹೊಟ್ಟೆಯ ಸ್ಕ್ಯಾನಿಂಗ್, ಹೆಪಟೈಟಿಸ್ ಪರೀಕ್ಷೆ, ಇಬ್ಬರು ತಜ್ಞರ ಭೇಟಿ ಮತ್ತು ಪಕ್ಕದ ಮನೆಯವರು ಕಾಳಜಿಯಿಂದ ತಂದುಕೊಟ್ಟ ನೆಲನೆಲ್ಲಿಯ ಕಷಾಯದಲ್ಲಿ ಕಳೆದವು. ಕೊನೆಗೆ ತಿಳಿದದ್ದು ಇಷ್ಟೇ: ನನಗಿರುವುದು ಗಿಲ್ಬರ್ಟ್ ಸಿಂಡ್ರೋಮ್, ಅಂದರೆ ಯಕೃತ್ತಿನ ಒಂದು ಕಿಣ್ವ ಹುಟ್ಟಿನಿಂದಲೇ ತುಸು ಮಂದವಾಗಿರುವ ಸ್ಥಿತಿ. ನೂರರಲ್ಲಿ ಸುಮಾರು ಐದು ಜನರಿಗೆ ಇದು ಇರುತ್ತದೆ, ಚಿಕಿತ್ಸೆ ಬೇಕಿಲ್ಲ. ಇದರಲ್ಲಿ ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಂಥವರು ಉಪವಾಸವಿದ್ದರೆ ಬಿಲಿರುಬಿನ್ ಏರುತ್ತದೆ. ಪರೀಕ್ಷೆಗೆಂದು ಹಸಿದಿದ್ದುದೇ ಆ ಬಾಣವನ್ನು ಇನ್ನಷ್ಟು ಮೇಲಕ್ಕೆ ತಳ್ಳಿತ್ತು.

ವರದಿಯ ಬಲಭಾಗದಲ್ಲಿ ಅಚ್ಚಾಗುವ ‘ನಾರ್ಮಲ್ ರೇಂಜ್’ ಎಂಬ ಆ ಎರಡು ಅಂಕಿಗಳು ಎಲ್ಲಿಂದ ಬರುತ್ತವೆ ಎಂದು ಕೇಳುವವರು ಕಡಿಮೆ. ಅದು ಆರೋಗ್ಯಕ್ಕೂ ರೋಗಕ್ಕೂ ನಡುವೆ ಪ್ರಕೃತಿ ಹಾಕಿದ ಬೇಲಿ ಎಂದೇ ಬಹುಪಾಲು ಜನ ಭಾವಿಸಿದ್ದಾರೆ. ವಾಸ್ತವವಾಗಿ, ಹೆಚ್ಚಿನ ಪರೀಕ್ಷೆಗಳಲ್ಲಿ ಆರೋಗ್ಯವಂತರೆಂದು ನಂಬಲಾದ ಒಂದಷ್ಟು ಜನರ ರಕ್ತವನ್ನು ಅಳೆದು, ಬಂದ ಅಂಕಿಗಳನ್ನು ಸಾಲಾಗಿ ಜೋಡಿಸಿ, ಮೇಲಿನ ಶೇ. 2.5 ಮತ್ತು ಕೆಳಗಿನ ಶೇ. 2.5 ಭಾಗವನ್ನು ಕತ್ತರಿಸಿಬಿಡುತ್ತಾರೆ, ಉಳಿದ ಶೇ. 95ಕ್ಕೆ ‘ನಾರ್ಮಲ್’ ಎಂಬ ಹೆಸರು. ಹಾಗಾಗಿ ಹೊರಗುಳಿದ ಶೇ. 5 ಮಂದಿಯೂ ಆರೋಗ್ಯವಂತರೇ. ಚಪ್ಪಲಿ ಅಂಗಡಿಯವನು ಆರರಿಂದ ಹತ್ತರವರೆಗಿನ ಅಳತೆಗಳನ್ನು ಮಾತ್ರ ಇಟ್ಟುಕೊಂಡಿದ್ದಾನೆಂದರೆ ಹನ್ನೊಂದರ ಪಾದವುಳ್ಳವನು ರೋಗಿಯಾಗುವುದಿಲ್ಲ. ಆದರೂ ಒಂದೇ ಪರೀಕ್ಷೆಯಾದರೆ ಇದು ದೊಡ್ಡ ತೊಂದರೆಯಲ್ಲ. ತೊಂದರೆ ಇರುವುದು ಪರೀಕ್ಷೆಗಳ ಸಂಖ್ಯೆಯಲ್ಲಿ. ಚೌಕಾಬಾರದಲ್ಲಿ ನಾಲ್ಕು ಕವಡೆಗಳೂ ಬೋರಲಾಗಿ ಬಿದ್ದು ‘ಬಾರ’ ಬೀಳುವ ಸಂಭವ ಒಂದು ಎಸೆತಕ್ಕೆ ಸುಮಾರು ಹದಿನಾರರಲ್ಲಿ ಒಂದು ಮಾತ್ರ, ಆದರೆ ಮಧ್ಯಾಹ್ನವಿಡೀ ಕೂತು ಅರವತ್ತು ಸಲ ಎಸೆದರೆ ಒಮ್ಮೆಯೂ ಬಾರ ಬೀಳದಿರುವುದೇ ಅಚ್ಚರಿ. ಲ್ಯಾಬಿನಲ್ಲಿ ನಡೆಯುವುದೂ ಅದೇ ಆಟ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿಸಿದ ನೂರು ಆರೋಗ್ಯವಂತರಲ್ಲಿ ಸುಮಾರು 36 ಮಂದಿಗೆ ಮಾತ್ರ ಪೂರ್ತಿ ಶುದ್ಧವಾದ ವರದಿ ಸಿಗುತ್ತದೆ. ಅರವತ್ತು ಪರೀಕ್ಷೆಗಳಾದರೆ ಐವರಿಗೂ ಸಿಗುವುದಿಲ್ಲ. (ಯಕೃತ್ತಿನ ಪರೀಕ್ಷೆಗಳು ಒಟ್ಟಾಗಿ ಏರಿಳಿಯುವಂತೆ ಅನೇಕ ಪರೀಕ್ಷೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ನಿಜವಾದ ಲೆಕ್ಕ ಇಷ್ಟು ಕಠೋರವಾಗಿರುವುದಿಲ್ಲ. ಸಕ್ಕರೆ, ಕೊಲೆಸ್ಟರಾಲ್ ಮಿತಿಗಳ ಕಥೆಯೂ ಬೇರೆ. ಅವನ್ನು ಮುಂದೆ ಬರಬಹುದಾದ ಅಪಾಯವನ್ನು ನೋಡಿ ನಿಗದಿಪಡಿಸಲಾಗಿದೆ.) ‘ಹೆಚ್ಚು ಪರೀಕ್ಷೆಗಳ ಪ್ಯಾಕೇಜು’ ಎಂದರೆ ಹೆಚ್ಚು ಬಾಣಗಳ ಪ್ಯಾಕೇಜು ಎಂಬುದು ಜಾಹೀರಾತಿನಲ್ಲಿ ಇರುವುದಿಲ್ಲ.

ಅದಿರಲಿ, ಒಂದಿಷ್ಟು ಸುಳ್ಳು ಗಾಬರಿಯಾದರೂ ಪ್ರಾಣ ಉಳಿಯುವುದಾದರೆ ಯಾರು ತಾನೇ ಬೇಡವೆನ್ನುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಸಾಮಾನ್ಯ ಆರೋಗ್ಯ ತಪಾಸಣೆಯ ಬಗ್ಗೆ ನಡೆದ ಪ್ರಯೋಗಗಳನ್ನು ವೈದ್ಯಕೀಯ ಸಾಕ್ಷ್ಯಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಗಾಗಿ ಡೆನ್ಮಾರ್ಕಿನ ಸಂಶೋಧಕರು 2012ರಲ್ಲಿ ಒಟ್ಟುಗೂಡಿಸಿ, 2019ರಲ್ಲಿ ಪರಿಷ್ಕರಿಸಿದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಆ ಲೆಕ್ಕದಲ್ಲಿ, ತಪಾಸಣೆಗೆ ಕರೆಸಿಕೊಂಡವರಿಗೂ ಕರೆಸಿಕೊಳ್ಳದವರಿಗೂ ಒಟ್ಟು ಸಾವಿನಲ್ಲಾಗಲಿ, ಕ್ಯಾನ್ಸರಿನ ಸಾವಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೋಪನ್‌ಹೇಗನ್ ಸುತ್ತಲಿನ 59,616 ಜನರ ಮೇಲೆ ನಡೆದ ‘ಇಂಟರ್99’ ಪ್ರಯೋಗದಲ್ಲಂತೂ ತಪಾಸಣೆಯ ಜೊತೆಗೆ ಐದು ವರ್ಷಗಳ ಕಾಲ ಆಹಾರ, ಧೂಮಪಾನ, ವ್ಯಾಯಾಮದ ಬಗ್ಗೆ ಸಲಹೆಯನ್ನೂ ಕೊಡಲಾಗಿತ್ತು. ಹತ್ತು ವರ್ಷಗಳ ನಂತರ ನೋಡಿದರೆ ಹೃದ್ರೋಗದ ಪ್ರಮಾಣ ಎರಡೂ ಗುಂಪುಗಳಲ್ಲಿ ಒಂದೇ ಆಗಿತ್ತು. ಆದರೆ ಈ ಪ್ರಯೋಗಗಳು ನಡೆದ ಯುರೋಪು ಮತ್ತು ಅಮೆರಿಕಗಳಲ್ಲಿ ಜನ ಬೇರೆ ಕಾರಣಕ್ಕಾದರೂ ವೈದ್ಯರ ಬಳಿಗೆ ಹೋಗುತ್ತಿರುತ್ತಾರೆ. ಜ್ವರ ಬಂದರೆ ಔಷಧಿ ಅಂಗಡಿಯಲ್ಲೇ ಮಾತ್ರೆ ಕೇಳಿ ನುಂಗುವ ನಮ್ಮ ಊರುಗಳಿಗೆ ಈ ಫಲಿತಾಂಶವನ್ನು ಹಾಗೆಯೇ ಎತ್ತಿ ತರಲಾಗದು.

‘ಚೆಕಪ್‌ನಲ್ಲಿ ಮೊದಲೇ ಗೊತ್ತಾಯಿತು, ಅದಕ್ಕೇ ಬದುಕಿದ’ ಎಂಬ ಮಾತಿನಲ್ಲಿ ಎರಡು ಭ್ರಮೆಗಳು ಅಡಗಿರಬಹುದು. ಬೆಂಗಳೂರಿಗೆ ಹೋಗುವ ರೈಲನ್ನು ಒಬ್ಬ ಅರಸೀಕೆರೆಯಲ್ಲಿ, ಇನ್ನೊಬ್ಬ ತುಮಕೂರಿನಲ್ಲಿ ಹತ್ತಿದರೆ ಮೊದಲಿನವನ ಪ್ರಯಾಣ ದೀರ್ಘವೇ ಸರಿ, ಆದರೆ ಇಬ್ಬರೂ ಇಳಿಯುವ ಹೊತ್ತು ಒಂದೇ. ರೋಗವನ್ನು ಮೊದಲೇ ಹೆಸರಿಸಿದರೆ, ಸಾವಿನ ದಿನ ಬದಲಾಗದಿದ್ದರೂ, ರೋಗದೊಂದಿಗೆ ಬದುಕಿದ ವರ್ಷಗಳು ಹೆಚ್ಚಾಗಿ ಕಾಣುತ್ತವೆ. ಎರಡನೆಯದು, ವರ್ಷಕ್ಕೊಮ್ಮೆ ಹೊಲ ನೋಡಲು ಬರುವ ಯಜಮಾನನ ಭ್ರಮೆ: ಅವನಿಗೆ ನಿಂತ ಕಬ್ಬು ಕಾಣುತ್ತದೆ, ತಿಂಗಳೊಳಗೆ ಬಿತ್ತಿ ಕಿತ್ತ ಹರಿವೆ ಸೊಪ್ಪು ಕಾಣುವುದಿಲ್ಲ. ವಾರ್ಷಿಕ ತಪಾಸಣೆಯ ಕಣ್ಣಿಗೆ ನಿಧಾನವಾಗಿ ಬೆಳೆಯುವ ಗಡ್ಡೆಗಳೇ ಹೆಚ್ಚಾಗಿ ಬೀಳುತ್ತವೆ, ಅವಸರದವು ಎರಡು ತಪಾಸಣೆಗಳ ನಡುವೆಯೇ ತಲೆಯೆತ್ತುತ್ತವೆ. ದಕ್ಷಿಣ ಕೊರಿಯಾದಲ್ಲಿ 1999ರ ನಂತರ, ಸರ್ಕಾರದ ಕ್ಯಾನ್ಸರ್ ತಪಾಸಣೆಗೆ ಬಂದವರಿಗೆ ಆಸ್ಪತ್ರೆಗಳು ಸ್ವಲ್ಪ ಹೆಚ್ಚಿನ ಹಣಕ್ಕೆ ಥೈರಾಯ್ಡಿನ ಅಲ್ಟ್ರಾಸೌಂಡನ್ನೂ ಮಾಡತೊಡಗಿದವು. 2011ರ ಹೊತ್ತಿಗೆ ಆ ದೇಶದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ ಹದಿನೈದು ಪಟ್ಟಾಯಿತು, ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದಿದ್ದ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನು ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗುವವರಾದರು.

ವಾರ್ಷಿಕ ತಪಾಸಣೆಯ ಅಭ್ಯಾಸ ಹುಟ್ಟಿದ ಬಗೆಯೂ ತಿಳಿಯತಕ್ಕದ್ದೇ. ರೋಗವಿಲ್ಲದವರನ್ನೂ ನಿಯತವಾಗಿ ಪರೀಕ್ಷಿಸಬೇಕೆಂದು ಲಂಡನ್ನಿನ ವೈದ್ಯ ಹೊರೇಸ್ ಡೋಬೆಲ್ 1861ರಲ್ಲೇ ವಾದಿಸಿದ್ದರೂ ಅದು ಜನರ ನಡುವೆ ಹರಡಿದ್ದು ಅಮೆರಿಕದ ಜೀವವಿಮೆ ಕಂಪನಿಗಳಿಂದ. 1913ರಲ್ಲಿ ಅಲ್ಲಿ ಪಾಲಿಸಿದಾರರ ತಪಾಸಣೆ ನಡೆಸುವ ‘ಲೈಫ್ ಎಕ್ಸ್‌ಟೆನ್ಷನ್ ಇನ್‌ಸ್ಟಿಟ್ಯೂಟ್’ ಹುಟ್ಟಿದಾಗ ಮಾಜಿ ಅಧ್ಯಕ್ಷ ಟಾಫ್ಟ್ ಅದರ ಮುಖ್ಯಸ್ಥರಾಗಿದ್ದರು. ಪಾಲಿಸಿದಾರ ಹೆಚ್ಚು ವರ್ಷ ಬದುಕಿದಷ್ಟೂ ಹೆಚ್ಚು ಕಂತು ಬರುವುದರಿಂದ ಆ ಉತ್ಸಾಹ ಸಹಜವೇ. 1979ರ ವೇಳೆಗೆ ಕೆನಡಾದ ಕಾರ್ಯಪಡೆಯೊಂದು ಸಾಕ್ಷ್ಯಗಳನ್ನು ಜಾಲಾಡಿ, ವಾರ್ಷಿಕ ತಪಾಸಣೆಯನ್ನು ಕೈಬಿಟ್ಟು ವಯಸ್ಸು, ಲಿಂಗಕ್ಕೆ ತಕ್ಕ ಆಯ್ದ ಪರೀಕ್ಷೆಗಳನ್ನಷ್ಟೇ ಮಾಡಿರೆಂದು ಹೇಳಿತು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ, 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಹಬ್ಬಿದಾಗಲೂ ಜಯದೇವ ಆಸ್ಪತ್ರೆಯ ಮುಂದೆ ಯಾವ ಲಕ್ಷಣವೂ ಇಲ್ಲದ ಜನ ಸಾಲುಗಟ್ಟಿದರು. ಆ ಭಯವನ್ನು ಹಂಗಿಸುವುದು ಸರಿಯಲ್ಲ, ಆದರೆ ಆ ಸಾಲು ಬಯಸಿದ್ದನ್ನು ಇಸಿಜಿ ಕೊಡಲಾರದು. ಇಸಿಜಿ ಆ ಗಳಿಗೆಯ ವಿದ್ಯುತ್ ಚಟುವಟಿಕೆಯ ಚಿತ್ರ. ಅನೇಕ ಹೃದಯಾಘಾತಗಳು, ರಕ್ತದ ಹರಿವಿಗೆ ಇನ್ನೂ ಅಡ್ಡಿಯಾಗದ ಸಣ್ಣ ಕೊಬ್ಬಿನ ಗಂಟೊಂದು ಇದ್ದಕ್ಕಿದ್ದಂತೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟುವುದರಿಂದ ಆಗುತ್ತವೆ. ಬಿರಿಯುವ ಹಿಂದಿನ ದಿನ ಇಸಿಜಿ ಪೂರ್ಣ ಸರಿಯಾಗಿರಬಹುದು. ಆ ಗಂಟನ್ನು ವರ್ಷಗಟ್ಟಲೆ ಬೆಳೆಸುವ ರಕ್ತದೊತ್ತಡ, ಸಕ್ಕರೆ, ಬೀಡಿ ಸಿಗರೇಟುಗಳು ಮಾತ್ರ ಅಳತೆಗೆ ಸಿಗುತ್ತವೆ.

ನಾನು ತಪಾಸಣೆಯ ವಿರೋಧಿಯಲ್ಲ, ಪ್ಯಾಕೇಜಿನ ವಿರೋಧಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ. 35ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ, ಶೇ. 11ರಷ್ಟು ಮಂದಿಗೆ ಮಧುಮೇಹವಿದೆ. ಎರಡೂ ಬಹುಕಾಲ ಸದ್ದು ಮಾಡದ ರೋಗಗಳು, ಎರಡಕ್ಕೂ ಅಗ್ಗದ, ನಂಬಬಹುದಾದ ಔಷಧಿಗಳಿವೆ. ಮೂವತ್ತು ದಾಟಿದವರು ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಇಷ್ಟು ಕಾರಣ ಸಾಕು, ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವೂ ಸಾಕು. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ (ಈಗಿನ ಧಾರಾಶಿವ್) ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ ಮಹಿಳೆಯರಿಗೆ ಒಂದೇ ಒಂದು ಬಾರಿ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ಮಾಡಿದ್ದರಿಂದ ಆ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕಿಳಿಯಿತೆಂದು 2009ರಲ್ಲಿ ವರದಿಯಾಯಿತು. ತಿರುವನಂತಪುರ ಜಿಲ್ಲೆಯಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯೊಳಗೆ ಬೆಳಕು ಹಾಯಿಸಿ ನೋಡಿದರು. ವೈದ್ಯರಲ್ಲದ ಈ ಪದವೀಧರರ ಕೆಲಸದಿಂದ ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೆಯ ಒಂದು ಭಾಗದಷ್ಟು ತಗ್ಗಿತು. ನನ್ನ 62 ಪರೀಕ್ಷೆಗಳ ಆ ಬೆಳಿಗ್ಗೆ, ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುತ್ತೀರಾ ಎಂದು ಯಾರೂ ಕೇಳಿರಲಿಲ್ಲ, ಬಾಯಿ ತೆರೆಯಿರಿ ಎಂದೂ ಹೇಳಿರಲಿಲ್ಲ.