ಮೂವತ್ತು ಮೀಟರ್‌ಗೆ ಒಂದು ಫೈಲ್

ಪ್ಯಾನೆಲ್ ಒಳಗೆ ಕೂತಿರೋ ಎನರ್ಜಿ ಮೀಟರ್‌ನ ವೋಲ್ಟೇಜ್ ಎಷ್ಟಪ್ಪಾ ಅಂತ ಕೇಳಿದ್ರೆ ಅದು 230 ಅಂತ ಹೇಳಲ್ಲ. 17254, ಆಮೇಲೆ 0, ಹೀಗೆ ಎರಡು ನಂಬರ್ ಕೈಗಿಟ್ಟು ಸುಮ್ಮನಾಗತ್ತೆ. ಅದು ಸರಿಯಾದ ಉತ್ತರಾನೇ. ಈ ಮೀಟರ್‌ಗಳು ಮಾತಾಡೋ ಮಾಡ್‌ಬಸ್ ಭಾಷೆನ 1979ರಲ್ಲಿ ಮಾಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗೋಸ್ಕರ (ಫ್ಯಾಕ್ಟರಿ ಯಂತ್ರ ನಡೆಸೋ ಪುಟ್ಟ ಕಂಪ್ಯೂಟರ್‌ಗಳು) ಮಾಡಿದ್ದು, ಅದರಲ್ಲಿ ಒಂದು ರಿಜಿಸ್ಟರ್ ಅಂದ್ರೆ 16 ಬಿಟ್, ಅಂದ್ರೆ 0ರಿಂದ 65535ರ ಒಳಗಿನ ಒಂದು ಸಂಖ್ಯೆ ಅಷ್ಟೇ, ದಶಾಂಶ ಇಲ್ಲ, ಯೂನಿಟ್ ಇಲ್ಲ, ಹೆಸರೂ ಇಲ್ಲ. ದಶಾಂಶ ಬೇಕಂದ್ರೆ 32 ಬಿಟ್‌ನ ಫ್ಲೋಟನ್ನ, ಅಂದ್ರೆ ದಶಾಂಶ ಸಂಖ್ಯೆನ, ಎರಡು ತುಂಡು ಮಾಡಿ ಪಕ್ಕಪಕ್ಕದ ರಿಜಿಸ್ಟರಲ್ಲಿ ಇಡ್ತಾರೆ. ಆ 17254ನ್ನೂ 0ಯನ್ನೂ ಜೋಡಿಸಿ ಐಇಇಇ 754 ಲೆಕ್ಕದಲ್ಲಿ (ದಶಾಂಶ ಸಂಖ್ಯೆನ ಬಿಟ್‌ಗಳಲ್ಲಿ ಬರೆಯೋ ಸ್ಟ್ಯಾಂಡರ್ಡ್) ಓದಿದ್ರೆ ಆಗ 230.0 ಬರತ್ತೆ.

ಇದೆಲ್ಲ ಮಾನಿಟರಿಂಗ್ ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗ್ಬೇಕು? ಯಾರಾದ್ರೂ ಕೂತು ಹೇಳಿಕೊಡ್ಬೇಕು. ಯಾವ ಅಡ್ರೆಸ್, ಯಾವ ಡೇಟಾ ಟೈಪ್, ಎರಡು ತುಂಡಲ್ಲಿ ಯಾವುದು ಮೊದಲು, ಎಷ್ಟರಿಂದ ಗುಣಿಸ್ಬೇಕು, ಎಷ್ಟು ಸೆಕೆಂಡಿಗೊಮ್ಮೆ ಕೇಳ್ಬೇಕು, ಎಷ್ಟು ದಾಟಿದ್ರೆ ಅಲಾರಂ ಹೊಡೀಬೇಕು. ಒಂದು ಮೀಟರಲ್ಲಿ ಮೂವತ್ತು ವ್ಯಾಲ್ಯೂ ಇದ್ರೆ, ಅಂಥ ಮೂವತ್ತು ಮೀಟರ್ ಇದ್ರೆ, ಒಂಬೈನೂರು ಸಾಲು. ಕೈಯಲ್ಲಿ ಟೈಪ್ ಮಾಡಿದವರಿಗೆ ಗೊತ್ತು, ನೂರನೇ ಸಾಲಿನ ಹೊತ್ತಿಗೆ ಕಣ್ಣು ಮಂಜಾಗಿರತ್ತೆ. ಟೆಂಪ್ಲೇಟ್ ಫೈಲ್ ಅನ್ನೋದು ಹುಟ್ಟಿದ್ದೇ ಈ ಹಿಂಸೆಯಿಂದ: ಆ ಮಾಡೆಲ್‌ನ ಮ್ಯಾನುಯಲ್ ಹಿಂಭಾಗದಲ್ಲಿರೋ ರಿಜಿಸ್ಟರ್ ಪಟ್ಟೀನ ಒಂದ್ಸಲ ಜೇಸನ್ನೋ ಎಕ್ಸ್‌ಎಂಎಲ್ಲೋ ಸಿಎಸ್‌ವಿನೋ, ಸಾಫ್ಟ್‌ವೇರ್ ಓದೋ ಥರದ ಒಂದು ಟೆಕ್ಸ್ಟ್ ಫೈಲ್ ಮಾಡಿ ಇಟ್ಕೊಳ್ಳೋದು, ಆಮೇಲೆ ಹೊಸ ಮೀಟರ್ ಬಂದಾಗ ಐಪಿ ಅಡ್ರೆಸ್ಸು, ಸ್ಲೇವ್ ಐಡಿ (ಲೈನಲ್ಲಿ ಆ ಮೀಟರ್‌ನ ನಂಬರ್), ಹೆಸರು ಇಷ್ಟು ಕೊಟ್ರೆ ಉಳಿದಿದ್ದು ತಾನಾಗೇ ಬರೋ ಹಾಗೆ. ಐಡಿಯಾ ಏನೂ ಹೊಸದಲ್ಲ ಬಿಡಿ, ಮಾಡ್‌ಬಸ್ ಥರದ್ದೇ ಬೇರೆ ಭಾಷೆಗಳಾದ ಪ್ರೊಫಿಬಸ್‌ನವರ ಜಿಎಸ್‌ಡಿ ಫೈಲು, ಕ್ಯಾನ್‌ಓಪನ್‌ನವರ ಇಡಿಎಸ್ ಫೈಲು ಎಲ್ಲ ಇದೇ ಜಾತಿ, ಅಲ್ಲಿ ಮೀಟರ್ ಮಾಡಿದವರೇ ಫೈಲ್ ಕೊಡ್ತಾರೆ. ಮಾಡ್‌ಬಸ್‌ನಲ್ಲಿ ಅಂಥ ಕಟ್ಟುಪಾಡು ಇಲ್ಲ, ಹಾಗಾಗಿ ನಾವೇ ಬರ್ಕೋಬೇಕು.

ಬರ್ಕೊಂಡಾಗಲೇ ಎಡವೋದು. ನಾನೊಂದ್ಸಲ ಟೆಂಪ್ಲೇಟ್ ಬರೆದು ಖುಷಿಯಾಗಿ ಎಲ್ಲ ಮೀಟರ್‌ಗೂ ಹಾಕ್ದೆ, ನೋಡಿದ್ರೆ ಸ್ಕ್ರೀನ್ ಪೂರ್ತಿ ವೋಲ್ಟೇಜ್ 0.00. ವೈರ್ ಎಳೆದು ನೋಡಿದ್ವಿ, ಕನ್ವರ್ಟರ್ ಬದಲಾಯಿಸಿದ್ವಿ, ಅರ್ಧ ದಿನ ಹೋಯ್ತು. ಮೀಟರ್ ಪಾಪ ಸರಿಯಾಗೇ ಇತ್ತು, ನಾನು ಎರಡು ತುಂಡನ್ನ ಹಿಂದುಮುಂದು ಮಾಡಿ ಜೋಡಿಸ್ತಿದ್ದೆ. 17254 ಮತ್ತೆ 0ಯನ್ನ ಅದಲುಬದಲು ಮಾಡಿದ್ರೆ 230 ಹೋಗಿ ದಶಾಂಶ ಬಿಂದು ಆದ್ಮೇಲೆ ನಲವತ್ತು ಸೊನ್ನೆ ಬರೋ ಒಂದು ಸಂಖ್ಯೆ ಆಗತ್ತೆ, ಸ್ಕ್ರೀನಲ್ಲಿ ಅದು ಸೊನ್ನೆ ಅಂತಲೇ ಕಾಣೋದು. ಒಂದು ಸಾಲು ತಿದ್ದಿದೆ, ಮೂವತ್ತೂ ಮೀಟರ್ ಒಟ್ಟಿಗೆ ಎದ್ದು ಕೂತ್ವು.

ಸೊನ್ನೆ ಬಂದ್ರೆ ಪುಣ್ಯ, ಎದ್ದು ಕಾಣತ್ತೆ. ಕಾಣದ ತಪ್ಪು ಬೇರೆ ಇದೆ. ಮ್ಯಾನುಯಲಲ್ಲಿ 40001 ಅಂತ ಬರೆದಿದ್ರೆ ಮೊದಲ 4 ಬರೀ ರಿಜಿಸ್ಟರ್ ಜಾತಿಯ ಗುರುತು, ಉಳಿದ 1ನ್ನ ವೈರಲ್ಲಿ ಸೊನ್ನೆಯಿಂದ ಎಣಿಸ್ತಾರೆ, ಹಾಗಾಗಿ ಹೋಗೋ ಅಡ್ರೆಸ್ 0, ಈ ಒಂದರ ವ್ಯತ್ಯಾಸ ಮರೆತ್ರೆ ಅರ್ಧ ಈ ವ್ಯಾಲ್ಯೂ ಅರ್ಧ ಪಕ್ಕದ ವ್ಯಾಲ್ಯೂ ಸೇರಿ ಚಿತ್ರಾನ್ನ ಆಗತ್ತೆ, ಅದೂ ಗೊತ್ತಾಗತ್ತೆ. ಆದ್ರೆ ಎರಡು ರಿಜಿಸ್ಟರ್ ಜಾರಿದ್ರೆ? ಆರ್ ಫೇಸ್ ಅಂತ ಹೆಸರಿರೋ ಕಡೆ ವೈ ಫೇಸ್ ಬಂದು ಕೂರತ್ತೆ, ಅದೂ 230ರ ಆಸುಪಾಸೇ, ಯಾರಿಗೂ ಅನುಮಾನ ಬರಲ್ಲ. ದೊಡ್ಡ ಕರೆಂಟನ್ನ ಮೀಟರ್ ತಡೆಯೋಷ್ಟು ಚಿಕ್ಕದು ಮಾಡೋ ಕರೆಂಟ್ ಟ್ರಾನ್ಸ್‌ಫಾರ್ಮರ್‌ನ ರೇಶಿಯೋನೂ ಹಾಗೇ. ಆ ಚಿಕ್ಕದಾದ ಸೆಕೆಂಡರಿ ಕರೆಂಟನ್ನಷ್ಟೇ ಕೊಡೋ ಮೀಟರ್ ಆದ್ರೆ ಗುಣಿಸೋ ಕೆಲಸ ಸಾಫ್ಟ್‌ವೇರ್‌ದು, 100/5 (100 ಆಂಪಿಯರ್ ಇದ್ರೆ 5 ಮಾಡಿ ಕೊಡೋದು) ಅಂತ ಟೆಂಪ್ಲೇಟಲ್ಲೇ ಕೂರಿಸಿಬಿಟ್ರೆ 400/5 ಇರೋ ಪ್ಯಾನೆಲಲ್ಲಿ ಕರೆಂಟು ನಾಲ್ಕನೇ ಒಂದು ಭಾಗ ತೋರಿಸತ್ತೆ. ಅದಕ್ಕೇ ಅದು ಐಪಿ ಅಡ್ರೆಸ್ ಜೊತೆ ಹೊರಗಿರ್ಬೇಕು, ಪ್ರತಿ ಮೀಟರ್‌ಗೂ ಬೇರೆಬೇರೆ ಕೊಡೋ ಹಾಗೆ.

ಸ್ಪೀಡೂ ಟೆಂಪ್ಲೇಟಲ್ಲೇ ನಿರ್ಧಾರ ಆಗೋದು. ಮೀಟರ್‌ಗಳನ್ನ ಜೋಡಿಸೋ ಆರ್‌ಎಸ್-485 ವೈರ್ ಲೈನಲ್ಲಿ 9600 ಬಾಡ್, ಅಂದ್ರೆ ಸೆಕೆಂಡಿಗೆ 9600 ಬಿಟ್ ಸ್ಪೀಡ್ ಇದ್ರೆ, ಒಂದು ಬೈಟ್ (ಜೊತೆಗಿನ ಬಿಟ್‌ಗಳೂ ಸೇರಿ 11 ಬಿಟ್) ಹೋಗೋಕೆ 1.15 ಮಿಲಿಸೆಕೆಂಡ್ ಬೇಕು. ಒಂದೊಂದು ಫ್ಲೋಟನ್ನೂ ಬೇರೆಬೇರೆ ಕೇಳಿದ್ರೆ ಪ್ರಶ್ನೆ 8 ಬೈಟ್, ಉತ್ತರ 9 ಬೈಟ್, ಒಂಬೈನೂರು ಸಲ ಕೇಳೋ ಹೊತ್ತಿಗೆ ಲೈನಲ್ಲೇ 17 ಸೆಕೆಂಡ್ ಹೋಯ್ತು, ಮೀಟರ್ ಯೋಚಿಸೋ ಟೈಮ್ ಬೇರೆ. ಅದೇ 60 ರಿಜಿಸ್ಟರ್ ಸಾಲಾಗಿದ್ದು ಒಂದೇ ಏಟಿಗೆ ಓದು ಅಂತ ಬರೆದ್ರೆ 5 ಸೆಕೆಂಡ್ ಒಳಗೆ ಮುಗಿಯತ್ತೆ, ಒಂದು ಸಲಕ್ಕೆ 125ರವರೆಗೂ ಓದ್ಬಹುದು.

ನಂಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲದ ವಿಷಯ ಒಂದಿದೆ, ಟೆಂಪ್ಲೇಟ್ ತಿದ್ದಿದ್ರೆ ಆಗಲೇ ಓಡ್ತಿರೋ ಡಿವೈಸ್‌ಗಳ ಕತೆ ಏನು ಅಂತ. ಕೆಲವು ಸಾಫ್ಟ್‌ವೇರ್ ಬರೀ ಕಾಪಿ ಮಾಡ್ಕೊಳ್ಳತ್ತೆ, ಆಮೇಲೆ ಫೈಲಿಗೂ ಡಿವೈಸ್‌ಗೂ ಸಂಬಂಧ ಇಲ್ಲ, ತಪ್ಪನ್ನ ಮೂವತ್ತು ಕಡೆ ತಿದ್ಬೇಕು. ಕೆಲವು ಲಿಂಕ್ ಇಟ್ಕೊಳ್ಳತ್ತೆ, ಒಂದು ಕಡೆ ತಿದ್ದಿದ್ರೆ ಸಾಕು, ಆದ್ರೆ ಪಂಪ್‌ಹೌಸ್‌ನವರು ರಾತ್ರಿಯೆಲ್ಲ ಅಲಾರಂ ಹೊಡ್ಕೊಳ್ಳತ್ತೆ ಅಂತ ಅವರ ಮೀಟರ್‌ಗೆ ಮಾತ್ರ ಲಿಮಿಟ್ ಬದಲಾಯಿಸಿಕೊಂಡಿದ್ರೆ ಅದೂ ಅಳಿಸಿಹೋಗ್ಬಹುದು. ನಾನಂತೂ ಲಿಂಕ್ ಪಕ್ಷ, ಲೋಕಲ್ ಬದಲಾವಣೆ ಉಳಿಸಿಕೊಳ್ಳೋ ಥರ ಇದ್ರೆ ಮಾತ್ರ. ತಿದ್ದಿದ ಮೇಲೂ ಮೊದಲು ಒಂದೇ ಮೀಟರ್‌ಗೆ ಹಾಕಿ, ಅದರ ಮುಂದೆ ನಿಂತು ಡಿಸ್‌ಪ್ಲೇ ಜೊತೆ ಒಂದೊಂದೇ ಸಾಲು ಹೋಲಿಸಿ ನೋಡ್ತೀನಿ. ಜೇಸನ್‌ನಲ್ಲಿ ಕಾಮೆಂಟ್ ಬರೆಯೋಕೆ ಜಾಗ ಇಲ್ವಲ್ಲ, ಅದಕ್ಕೆ ನೋಟ್ ಅಂತ ಒಂದು ಫೀಲ್ಡ್ ಸೇರಿಸಿ ಫರ್ಮ್‌ವೇರ್ (ಮೀಟರ್ ಒಳಗಿನ ಸಾಫ್ಟ್‌ವೇರ್) ವರ್ಷನ್ ನಂಬರ್ ಹಾಕಿ ಕೆಳಗೆ ಬರೆದಿಟ್ಟಿದ್ದೀನಿ: ಈ ಮಾಡೆಲಲ್ಲಿ ಎರಡನೇ ತುಂಡು ಮೊದಲು ಬರತ್ತೆ, ತಪ್ಪು ಅಂತ ತಿದ್ದೋಕೆ ಹೋಗ್ಬೇಡಿ.