ಆ ಕಳಸೆಯನ್ನು ತೊಳೆಯಬೇಡಿ

ಕಳೆದ ಮಳೆಗಾಲ ಮುಗಿಯುತ್ತಿದ್ದ ಹಾಗೆ ಬದಿಯಡ್ಕ ಕಡೆಯ ಒಬ್ಬರು ಕಾಸರಗೋಡು ಜಿಲ್ಲೆಯ ನಮ್ಮ ಸಣ್ಣ ಮ್ಯೂಸಿಯಂಗೆ ಒಂದು ಕಳಸೆ ತಂದರು. ಭತ್ತ ಅಳೆಯುವ ಮರದ ಕಳಸೆ, ಅವರ ಅಜ್ಜನ ಕಾಲದ್ದು. ಹೊಸ ಟವೆಲಿನಲ್ಲಿ ಸುತ್ತಿ, ಆಟೋದಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು. ಟವೆಲು ಬಿಚ್ಚಿದ ಕೂಡಲೇ ವಾರ್ನಿಶ್ ವಾಸನೆ ಬಂತು.

"ಎರಡು ದಿನ ಕೂತು ತಿಕ್ಕಿದ್ದೇನೆ ಅಕ್ಕ. ಮರಕ್ಕೆ ಸ್ಯಾಂಡ್‌ಪೇಪರ್ ಹಾಕಿದೆ. ಹಿತ್ತಾಳೆ ಪಟ್ಟಿಯನ್ನು ಹುಳಿ ಹಾಕಿ ಬೆಳಗಿದೆ. ಈಗ ನೋಡಿ, ಹೊಸತರ ಹಾಗೆ ಇಲ್ವಾ?"

ಹೌದು, ಹೊಸತರ ಹಾಗೇ ಇತ್ತು. ಮೊದಲು ಹೇಗಿತ್ತು ಎಂದು ಕೇಳಿದೆ. ಒಳಗೆ ಕಪ್ಪಗೆ ಏನೋ ಹಿಡಿದಿತ್ತಂತೆ. ಬಾಯಂಚಿನ ಹತ್ತಿರ ಗಂಧವೋ ಕುಂಕುಮವೋ ಒಣಗಿ ಅಂಟಿತ್ತಂತೆ. ಹೊರಗೆ ಸುಣ್ಣದಲ್ಲಿ ಎಳೆದ ಸಣ್ಣ ಸಣ್ಣ ಗೆರೆಗಳಿದ್ದವಂತೆ. "ಎಲ್ಲ ತೆಗೆದುಬಿಟ್ಟೆ" ಎಂದು ಖುಷಿಯಿಂದ ಹೇಳಿದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಕೂರಿಸಿ ಚಹಾ ಕೊಟ್ಟೆ.

ಈ ಕೆಲಸದಲ್ಲಿ ನಾನು ತುಂಬ ವರ್ಷ ಕಳೆದಿದ್ದೇನೆ. ಗೆದ್ದಲಿನ ಕಾಟ ಉಂಟು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ತೇವದ ಕಾಟವೂ ಉಂಟು. ಆದರೆ ಹಳೆಯ ವಸ್ತುಗಳಿಗೆ ಜಾಸ್ತಿ ಹಾನಿ ಆಗುವುದು ಮ್ಯೂಸಿಯಂಗೆ ಹೊರಡುವ ಹಿಂದಿನ ದಿನ. ಬಾವಿಕಟ್ಟೆಯ ಹತ್ತಿರ, ತೆಂಗಿನ ನಾರು ಮತ್ತು ಬೂದಿ ಹಿಡಿದ, ಪ್ರೀತಿಯ ಕೈಗಳಿಂದ.

ಆ ಕಳಸೆಯ ಮೇಲೆ ಏನೇನಿತ್ತು ಎಂದು ಸ್ವಲ್ಪ ಯೋಚಿಸಿ ನೋಡಿ. ಬಾಯಂಚಿನ ಗಂಧ ಎಂದರೆ ಅದು ಬರೀ ಅಳತೆಯ ಪಾತ್ರೆ ಆಗಿರಲಿಲ್ಲ. ಬಿಸುವಿನ (ಸೌರ ಯುಗಾದಿಯ) ಕಣಿಗೆ ಅಕ್ಕಿ ತುಂಬಿ ಇಟ್ಟಿರಬಹುದು. ಪುದ್ವಾರಿನ, ಅಂದರೆ ಹೊಸ ಅಕ್ಕಿ ಊಟದ ದಿನ ಪೂಜೆ ಮಾಡಿರಬಹುದು. ಸುಣ್ಣದ ಗೆರೆಗಳು ಮುಡಿಯ ಲೆಕ್ಕ ಆಗಿರಬಹುದು. ನಮ್ಮ ಕಡೆಯ ಸಾಮಾನ್ಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಎಷ್ಟು ಮುಡಿ ಗೇಣಿ ಸಂದಾಯವಾಯಿತು ಎಂದು ಯಾರೋ ಆ ಹೊತ್ತಿಗೆ ಗೆರೆ ಎಳೆದಿರಬಹುದು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕಾನೂನಿನಿಂದಲೇ ಹೋಯಿತು. ಅದಕ್ಕೂ ಮೊದಲಿನ ಗೆರೆಗಳಾಗಿದ್ದರೆ ಅವು ಒಂದು ಕಾಲದ ಲೆಕ್ಕಪುಸ್ತಕ. ಬಾಯಂಚು ಇನ್ನೂ ಮುಖ್ಯ. ರಾಶಿ ಏರಿಸಿ ಅಳೆಯುವುದು ಬೇರೆ, ಕೋಲು ಎಳೆದು ಮಟ್ಟ ಮಾಡಿ ಅಳೆಯುವುದು ಬೇರೆ. ಕೋಲು ಎಳೆದೂ ಎಳೆದೂ ಅಂಚು ಒಂದು ಕಡೆ ಸವೆಯುತ್ತದೆ. ಆ ಸವೆತ ನೋಡಿ ಆ ಮನೆಯಲ್ಲಿ ಹೇಗೆ ಅಳೆಯುತ್ತಿದ್ದರು ಎಂದು ಅಂದಾಜು ಮಾಡಬಹುದು. ಒಕ್ಕಲಿಗೂ ಧಣಿಗೂ ಜಗಳ ಆಗುತ್ತಿದ್ದದ್ದೇ ಈ ವಿಷಯಕ್ಕಲ್ವಾ? ಸ್ಯಾಂಡ್‌ಪೇಪರ್ ಅದನ್ನೂ ಸಮ ಮಾಡಿತ್ತು.

"ಬಹುದು, ಬಹುದು" ಎಂದೇ ಬರೆಯುತ್ತಿದ್ದೇನೆ. ಇನ್ನು ಅದನ್ನು ಖಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಜನ ಯಾಕೆ ತೊಳೆಯುತ್ತಾರೆ ಎನ್ನುವುದು ನನಗೆ ಅರ್ಥವಾಗಲು ಸಮಯ ಹಿಡಿಯಿತು. ನಮ್ಮ ಸಂಗ್ರಹವನ್ನು ನಾವು ಕಟ್ಟಡದ ಒಳಗೇ ಇಟ್ಟುಕೊಳ್ಳುವುದಿಲ್ಲ. ಎರಡು ಟ್ರಂಕುಗಳಲ್ಲಿ ತುಂಬಿಕೊಂಡು ಶಾಲೆಗೆ, ವಾಚನಾಲಯಕ್ಕೆ, ಜಾತ್ರೆಗೆ, ಉರೂಸಿಗೆ ಹೋಗುತ್ತೇವೆ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸೇರು, ಪಾವು, ಕುಡ್ತೆ, ಅಡಿಕೆ ಹಾಳೆಯ ಮುಟ್ಟಾಳೆ, ತಳಂಗರೆಯ ಟೊಪ್ಪಿ, ಹಳೆಯ ಹಂಚು ಎಲ್ಲ ಜೋಡಿಸಿ ಇಡುತ್ತೇವೆ. ಜನ ನೋಡುತ್ತಾರೆ. "ಇದು ನಮ್ಮಲ್ಲೂ ಉಂಟು ಮಾರಾಯ್ರೆ, ಅಟ್ಟದಲ್ಲಿ ಬಿದ್ದಿದೆ" ಎನ್ನುತ್ತಾರೆ. ಮುಂದಿನ ವಾರ ತರುತ್ತಾರೆ. ತೊಳೆದು ತರುತ್ತಾರೆ! ನಾವು ಬಿಳಿ ಬಟ್ಟೆಯ ಮೇಲೆ ಚೊಕ್ಕವಾಗಿ ಇಟ್ಟದ್ದನ್ನು ನೋಡಿಯೇ ಅವರು ಹಾಗೆ ಮಾಡಿದ್ದು. ಪ್ರದರ್ಶನ ಮುಗಿದ ಮೇಲಿನ ಎರಡು ವಾರ ನಮಗೆ ಬರುವುದೆಲ್ಲ ಫಳಫಳ ಹೊಳೆಯುವ ವಸ್ತುಗಳೇ.

ಒಮ್ಮೆ ಕುಂಬಳೆ ಕಡೆಯ ಒಬ್ಬ ಅಮ್ಮನನ್ನು ನೇರವಾಗಿ ಕೇಳಿದೆ, ಯಾಕಮ್ಮ ಇಷ್ಟು ತಿಕ್ಕಿದ್ದೀರಿ ಎಂದು. ಅವರು ಹೇಳಿದ್ದು ಇಷ್ಟೇ: "ಮತ್ತೊಬ್ಬರ ಮನೆಗೆ ಕೊಡುವಾಗ ಮಸಿ ಹಿಡಿದದ್ದನ್ನು ಕೊಡ್ಲಿಕ್ಕೆ ಆಗ್ತದಾ ಮಗಾ?" ಇದಕ್ಕೆ ನಾನು ಹೇಗೆ ಸಿಟ್ಟು ಮಾಡಲಿ? ಅದು ಮರ್ಯಾದೆಯ ಮಾತು. ಆದರೂ ಹೇಳಲೇಬೇಕು. ಮ್ಯೂಸಿಯಂ ಎಂದರೆ ಮಸಿಯನ್ನೂ ಬೇಕು ಎನ್ನುವ ಮನೆ. ಮಸಿ ಸಮೇತ ಕೊಟ್ಟರೆ ನೀವು ನಮಗೆ ಜಾಸ್ತಿ ಕೊಟ್ಟ ಹಾಗೆ.

ಈಗ ನಮ್ಮ ಮೇಜಿನ ಮಧ್ಯದಲ್ಲಿ ತೊಳೆಯದ ಒಂದು ದೀಪ ಇಡುತ್ತೇವೆ. ಎಣ್ಣೆಜಿಡ್ಡು, ಕರಿ, ಅರ್ಧ ಸುಟ್ಟ ಬತ್ತಿ ಎಲ್ಲ ಹಾಗೇ ಇದೆ. ಪಕ್ಕದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ "ಹೀಗೇ ತನ್ನಿ" ಎಂದು ದೊಡ್ಡದಾಗಿ ಬರೆದಿದ್ದೇವೆ.

ತಪ್ಪು ತಿಳಿಯಬೇಡಿ. ದಿನಾ ಹಚ್ಚುವ ದೀಪವನ್ನು ಹುಳಿ ಹಾಕಿಯೇ ತಿಕ್ಕಿ, ಅದು ಬಳಕೆಯ ವಸ್ತು. ದೈವದ ಭಂಡಾರದಲ್ಲಿ ಇರುವ ಮೊಗ (ಮುಖವಾಡ), ಗಂಟೆ, ಖಡ್ಸಲೆ (ಕತ್ತಿ) ಇಂಥವುಗಳ ಬಗ್ಗೆಯೂ ನಾನು ಮಾತಾಡುತ್ತಿಲ್ಲ. ಅವುಗಳ ಶುದ್ಧಕ್ಕೆ ಅದರದ್ದೇ ಕಟ್ಟುಕಟ್ಟಳೆ ಉಂಟು, ಹಕ್ಕಿನವರು ಉಂಟು. ಅವು ಇರಬೇಕಾದ ಜಾಗವೂ ಅದೇ. ನಾನು ಹೇಳುವುದು ಬಳಕೆ ಬಿಟ್ಟು ಹೋದ, ಕೊಡಬೇಕು ಎಂದು ನೀವು ಮನಸ್ಸು ಮಾಡಿದ ವಸ್ತುಗಳ ಬಗ್ಗೆ ಮಾತ್ರ.

ತಾಮ್ರ, ಕಂಚು, ಹಿತ್ತಾಳೆಯ ಮೇಲೆ ಹಿಡಿದ ಕಂದು, ಕಪ್ಪು, ಗಟ್ಟಿ ಹಸಿರು ಪದರ ಒಂದು ಥರ ಚರ್ಮ. ಗಾಳಿ ತಾಗಿ ವರ್ಷಗಟ್ಟಲೆ ಕೂತು ಆದದ್ದು. ಒಳಗಿನ ಲೋಹವನ್ನು ಎಷ್ಟೋ ಮಟ್ಟಿಗೆ ಅದೇ ಕಾಪಾಡುತ್ತದೆ. ಹುಣಸೆಹುಳಿ, ನಿಂಬೆಹುಳಿ ಆ ಚರ್ಮವನ್ನು ಸುಲಿಯುತ್ತದೆ. ಜತೆಗೆ ಸಣ್ಣಗೆ ಕೊರೆದ ಹೆಸರು, ಇಸವಿ ಇದ್ದರೆ ಅದೂ ಪ್ರತಿ ಸಲ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಒಂದು ಮಾತು ಮಾತ್ರ ನೆನಪಿಡಿ. ತಿಳಿ ಹಸಿರು ಬಣ್ಣದ ಪುಡಿ, ಮುಟ್ಟಿದರೆ ಉದುರುವಂಥದ್ದು ಕಂಡರೆ ಅದು ಬೇರೆ. ಅದು ಲೋಹವನ್ನು ತಿನ್ನುತ್ತಿರುವ ರೋಗ, ತೇವದಲ್ಲಿ ಬೆಳೆಯುತ್ತದೆ. ಅಂಥ ವಸ್ತುವನ್ನು ಒಣಗಿದ ಜಾಗದಲ್ಲಿ ಬೇರೆಯಾಗಿ ಇಟ್ಟು ತಿಳಿದವರಿಗೆ ತೋರಿಸಿ. ಅದನ್ನೂ ತೊಳೆಯಬೇಡಿ.

ಓಲೆಗರಿಯ ವಿಷಯಕ್ಕೆ ಬಂದರೆ ನನಗೆ ಸಂಕಟವೇ ಆಗುತ್ತದೆ. ಓಲೆಯ ಮೇಲೆ ಕಂಟದಿಂದ, ಅಂದರೆ ಚೂಪಾದ ಲೋಹದ ಕಡ್ಡಿಯಿಂದ ಕೊರೆದು ಬರೆಯುತ್ತಿದ್ದರು. ಕೊರೆದ ಗೆರೆಗೆ ದೀಪದ ಮಸಿ ಉಜ್ಜಿದಾಗಲೇ ಅಕ್ಷರ ಕಾಣುವುದು. ಒಂದು ಮನೆಯಲ್ಲಿ ಒಳ್ಳೆಯ ಮನಸ್ಸಿನಿಂದ ಒಂದು ಇಡೀ ಕಟ್ಟನ್ನು ಬಿಚ್ಚಿ, ಒಂದೊಂದೇ ಗರಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಚಾಪೆ ಹಾಸಿ ಬಿಸಿಲಿಗೆ ಒಣಗಿಸಿದ್ದರು. ಮಸಿ ಬಟ್ಟೆಗೆ ಬಂತು. ಬಿಸಿಲಿಗೆ ಗರಿಗಳು ಹಪ್ಪಳದ ಹಾಗೆ ಸುರುಟಿದವು. ದಾರ ಬಿಚ್ಚಿದ್ದರಿಂದ ಯಾವುದರ ನಂತರ ಯಾವುದು ಎನ್ನುವುದೂ ಹೋಯಿತು. ಕೊರೆದ ಗೆರೆ ಉಳಿದಿದ್ದರೆ ಕಲಿತ ಕೈಗಳು ಮತ್ತೆ ಮಸಿ ತುಂಬಬಲ್ಲವು. ಎಲ್ಲ ಸಲ ಆಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ತೆಂಗಿನೆಣ್ಣೆ ಹಚ್ಚುವವರೂ ಇದ್ದಾರೆ. ಅದು ಅಂಟಾಗಿ ಧೂಳು ಹಿಡಿಯುತ್ತದೆ, ಕನರು ವಾಸನೆ ಬರುತ್ತದೆ, ಹುಳ ಸೇರುತ್ತದೆ. ಸಂರಕ್ಷಣೆ ಮಾಡುವವರು ಮಜ್ಜಿಗೆಹುಲ್ಲಿನ ಜಾತಿಯ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಬಳಸುತ್ತಾರೆ ನಿಜ. ಅದನ್ನು ಕೇಳಿಕೊಂಡು ಮನೆಯಲ್ಲಿ ಮಾಡಲು ಹೋಗಬೇಡಿ.

ಒಂದು ಕಟ್ಟು ಓಲೆಯಲ್ಲಿ ಏನಿರಬಹುದು ಎಂದು ಯಾರಿಗೆ ಗೊತ್ತು? ತುಳುವಿನಲ್ಲಿ ಹಳೆಯ ಕಾವ್ಯವೇ ಇಲ್ಲ ಎಂದು ತುಂಬ ಜನ ನಂಬಿದ್ದರು. ನಮ್ಮದೇ ಜಿಲ್ಲೆಯ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ಓಲೆಗಳನ್ನು ಹುಡುಕಿ ಓದಿದ ಮೇಲೆ ಆ ಮಾತು ನಿಂತುಹೋಯಿತು. ಆ ಓಲೆಗಳನ್ನೂ ಯಾರಾದರೂ ಚೊಕ್ಕ ಮಾಡಿದ್ದರೆ?

ಕಾಗದದ ಕತೆಯೂ ಇಷ್ಟೇ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆ. ಹಾಗಾಗಿ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇರುವುದು ಕನ್ನಡದ ಪತ್ರಗಳು. ಗೇಣಿಚೀಟಿ, ಮೂಲಗೇಣಿ ಪತ್ರ, ಆಣೆ-ಪೈ ಲೆಕ್ಕ, ಮದುವೆಗೆ ಬಂದ ಉಡುಗೊರೆಯ ಪಟ್ಟಿ. ಮಲಯಾಳ ಶಾಲೆಯಲ್ಲಿ ಕಲಿತ ಮೊಮ್ಮಕ್ಕಳಿಗೆ ಅಜ್ಜನ ಕೈಬರಹ ಓದಲು ಬರುವುದಿಲ್ಲ. ಓದಲು ಬಾರದಿದ್ದರೂ ಬಿಸಾಡದೆ ಇಟ್ಟುಕೊಂಡಿದ್ದಾರಲ್ಲ, ಅದಕ್ಕೆ ಅವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಉಳಿಸಬೇಕು ಎಂದು ಲ್ಯಾಮಿನೇಶನ್ ಮಾಡಿಸುತ್ತಾರೆ. ಬಿಸಿ ಪ್ಲಾಸ್ಟಿಕ್ ಕಾಗದಕ್ಕೆ ಒಮ್ಮೆ ಅಂಟಿದರೆ ಬಿಡಿಸಲು ಆಗುವುದಿಲ್ಲ. ಕಾಗದ ಒಳಗೇ ಹಳದಿಯಾಗುತ್ತಾ, ಹುಡಿಯಾಗುತ್ತಾ ಇರುತ್ತದೆ. ಸೆಲ್ಲೋಟೇಪ್ ಕೂಡ ಬೇಡ. ಹರಿದಿದ್ದರೆ ಹರಿದ ಹಾಗೇ ಒಂದು ಶುಭ್ರ ಕಾಗದದ ಮಡಿಕೆಯಲ್ಲಿಟ್ಟು ತನ್ನಿ. ಕೊಡಲೇಬೇಕು ಎಂದೂ ಇಲ್ಲ. ನಾವು ಫೋಟೊ ತೆಗೆದು, ಓದಿ, ಅದರಲ್ಲಿ ಏನಿದೆ ಎಂದು ಬರೆದು ನಿಮಗೇ ವಾಪಸ್ ಕೊಡುತ್ತೇವೆ.

"ಇದಕ್ಕೆ ಎಷ್ಟು ಬೆಲೆ?" ಎನ್ನುವ ಪ್ರಶ್ನೆಗೆ ಉತ್ತರ ಚಿಕ್ಕದು. ಬೆಲೆ ಕಟ್ಟುವುದು ನಮ್ಮ ಕೆಲಸ ಅಲ್ಲ. ಪುರಾತನ ವಸ್ತುಗಳ ಬಗ್ಗೆ 1972ರ ಕಾನೂನು ಉಂಟು. 100 ವರ್ಷ ದಾಟಿದ ವಸ್ತು, ಬೆಲೆಬಾಳುವ ಹಸ್ತಪ್ರತಿಯಾದರೆ 75 ವರ್ಷ ದಾಟಿದ್ದು, ಪುರಾತನ ವಸ್ತು ಎಂದಾಗುತ್ತದೆ. ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ನೆಲ ಅಗೆಯುವಾಗ ಸಿಕ್ಕಿದ್ದಾದರೆ ಅದಕ್ಕೆ ಬೇರೆ ಕಾನೂನು. ಮೊದಲು ವಿಲೇಜ್ ಆಫೀಸಿನಲ್ಲಿ ವಿಚಾರಿಸಿ.

ಮತ್ತೆ ಒಂದು ಎಚ್ಚರಿಕೆ. ಹಳೆಯ ಪೆಟ್ಟಿಗೆಯಲ್ಲಿ ಬಿಳಿ ಪುಡಿ ಕಂಡರೆ ಊದಬೇಡಿ, ಮೂಸಬೇಡಿ. ಗೆದ್ದಲಿಗೆಂದು ಡಿಡಿಟಿಯನ್ನೋ ಗೆಮೆಕ್ಸಿನನ್ನೋ ಹಿಂದೆ ಚೆಲ್ಲಿರುವ ಸಾಧ್ಯತೆ ಇದೆ. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿ, ಮಕ್ಕಳನ್ನು ದೂರ ಕಳಿಸಿ.

ವಸ್ತುವಿನ ಜತೆ ನಮಗೆ ಬೇಕಾದದ್ದು ಅದರ ಮಾತು. ನಮ್ಮದು ಸಪ್ತಭಾಷೆಯ ನೆಲ. ಒಂದು ಶಾಲೆಯಲ್ಲಿ ಟ್ರಂಕಿನಿಂದ ಒಂದು ಗೆರಸೆ ತೆಗೆದೆವು. ಒಬ್ಬಳು "ತಡ್ಪೆ" ಎಂದಳು, ಪಕ್ಕದವನು "ಮುರಂ" ಎಂದ, ಹಿಂದಿನ ಬೆಂಚಿನಿಂದ "ಸೂಪ್" ಎಂದು ಕೊಂಕಣಿ ಹುಡುಗನೊಬ್ಬ ಕೂಗಿದ. ಅದುವರೆಗೆ ನಮ್ಮ ರಿಜಿಸ್ಟರಿನಲ್ಲಿ "ಬಿದಿರಿನ ಮೊರ, 1" ಎಂದು ಮಾತ್ರ ಇತ್ತು. ಆ ದಿನ ಅದೇ ಸಾಲಿನಲ್ಲಿ ಗೆರಸೆಯೂ ಸೇರಿ ನಾಲ್ಕು ಹೆಸರು ಬಂತು. ಅಟ್ಟದಿಂದ ಇಳಿಸುವಾಗ ಒಂದು ಚೀಟಿ ಬರೆಯಿರಿ: ಯಾರು ಬಳಸಿದ್ದು, ಯಾವ ಕೋಣೆಯಲ್ಲಿ ಇತ್ತು, ಮನೆಯಲ್ಲಿ ಏನೆಂದು ಕರೆಯುತ್ತಿದ್ದರು. ಮನೆಯ ಹಿರಿಯರು ಇನ್ನೂ ಇದ್ದರೆ ಅವರನ್ನೇ ಕರೆದುಕೊಂಡು ಬನ್ನಿ.

ಆ ವಾರ್ನಿಶ್ ಕಳಸೆ ಈಗ ಎಲ್ಲಿದೆ ಎಂದರೆ ನಮ್ಮ ಟ್ರಂಕಿನಲ್ಲಿದೆ. ಜನ ಕೈಯಲ್ಲಿ ಹಿಡಿದು ನೋಡಲಿ ಎಂದು ಅದನ್ನು ಬೇರೆ ಇಟ್ಟಿದ್ದೇವೆ. ಹಳೆಯ ಗುರುತು ಇರುವ ವಸ್ತುಗಳನ್ನು ಎಲ್ಲರ ಕೈಗೆ ಕೊಡಲಾಗುವುದಿಲ್ಲ, ಇದನ್ನು ಕೊಡಬಹುದು. ತಂದುಕೊಟ್ಟವರೂ ಆಗಾಗ ನಮ್ಮ ಜತೆ ಬರುತ್ತಾರೆ. ತಾವು ಸ್ಯಾಂಡ್‌ಪೇಪರ್ ಹಾಕಿದ ಕತೆಯನ್ನು ಮುಚ್ಚಿಡದೆ ಹೇಳುತ್ತಾರೆ. ನಾನು ಹತ್ತು ಸಲ ಹೇಳುವುದಕ್ಕಿಂತ ಅವರು ಒಂದು ಸಲ ಹೇಳಿದರೆ ಜನ ಬೇಗ ಕೇಳುತ್ತಾರೆ.

ಹೋದ ತಿಂಗಳು ಒಂದು ವಾಚನಾಲಯದ ಜಗಲಿಯಲ್ಲಿ ಆ ಕಳಸೆ ಇಟ್ಟಿದ್ದೆವು, ಪಕ್ಕದಲ್ಲಿ ಒಂದು ರಾಶಿ ಭತ್ತ. ಮೊಮ್ಮಗನ ಕೈ ಹಿಡಿದು ಬಂದ ಒಬ್ಬರು ಅಜ್ಜಿ ಅದನ್ನು ಕಂಡವರೇ ಕೂತುಬಿಟ್ಟರು. ಗದ್ದೆ ಕೆಲಸ ಮಾಡಿದ ಕೈಗಳು. ಸೆರಗು ಸಿಕ್ಕಿಸಿ ಭತ್ತ ತುಂಬಿದರು, ಅಂಗೈಯನ್ನು ಬಾಯಂಚಿನ ಮೇಲೆ ಎಳೆದರು, ಸುರಿದರು. ಒಂದು ಎನ್ನಲಿಲ್ಲ. "ಲಾಭ" ಎಂದರು. ಆಮೇಲೆ ಎರಡು, ಮೂರು, ನಾಲ್ಕು. ಮೊಮ್ಮಗ ಫೋನಿನಲ್ಲಿ ವಿಡಿಯೊ ಮಾಡಿಕೊಂಡ, ನಮಗೂ ಕಳಿಸಿಕೊಟ್ಟ. ಮರುದಿನ ರಿಜಿಸ್ಟರ್ ತೆರೆದು ಆ ಕಳಸೆಯ ನಂಬರಿನ ಎದುರು ಬರೆದೆ: "ಒಳಗಿನ ಕರಿ, ಗಂಧ, ಸುಣ್ಣದ ಗೆರೆ ತೆಗೆಯಲಾಗಿದೆ. ಮೊದಲ ಅಳತೆಗೆ ಲಾಭ ಎನ್ನುತ್ತಾರೆ. ಅಳೆದು ತೋರಿಸಿದ ವಿಡಿಯೊ ಇದೆ."