ಪಾಸ್‌ವರ್ಡ್ ಯಾರಿಗೂ ಹೇಳಿಲ್ಲ, ಆದರೂ ಖಾತೆಗೆ ನುಗ್ಗಿದ್ದು ಹೇಗೆ?

ಪ್ರಶ್ನೆ: ನನ್ನ ಇಮೇಲ್ ಪಾಸ್‌ವರ್ಡ್ ಮನೆಯವರಿಗೂ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಆ್ಯಂಟಿವೈರಸ್ ಕೂಡ ಇದೆ. ಆದರೂ ಯಾರೋ ಒಳಗೆ ನುಗ್ಗಿ, ನನ್ನ ಹೆಸರಿನಲ್ಲಿ ಪರಿಚಯದವರ ಹತ್ತಿರವೆಲ್ಲ ದುಡ್ಡು ಕೇಳಿದ್ದಾರೆ. ಇದು ಹೇಗಾಯಿತು? ಮುಂದೆ ಏನು ಮಾಡಬೇಕು?

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಅದೇ ಪಾಸ್‌ವರ್ಡನ್ನು ಬೇರೆ ಎಲ್ಲಾದರೂ ಹಾಕಿದ್ದೀರಾ? ಯಾವುದೋ ಹಳೆಯ ಶಾಪಿಂಗ್ ಸೈಟು, ನಾಲ್ಕು ದಿನ ಆಡಿ ಬಿಟ್ಟ ಗೇಮು? ಹಾಕಿದ್ದರೆ ನನ್ನ ಅನುಮಾನ ಅಲ್ಲಿಗೇ ಹೋಗುತ್ತದೆ. ಕಳ್ಳ ನಿಮ್ಮ ಬೀಗ ಮುರಿದಿಲ್ಲ. ಬೇರೆ ಕಡೆ ಸಿಕ್ಕ ಕೀಲಿಕೈಯನ್ನು ನಿಮ್ಮ ಬಾಗಿಲಿಗೂ ಹಾಕಿ ನೋಡಿದ್ದಾನೆ, ಅಷ್ಟೇ.

2012ರಲ್ಲಿ ಲಿಂಕ್ಡ್‌ಇನ್ ಎಂಬ ಉದ್ಯೋಗ-ಸಂಪರ್ಕದ ಸೈಟಿನಿಂದ ಕಳುವಾದ 11 ಕೋಟಿಗೂ ಜಾಸ್ತಿ ಖಾತೆಗಳ ವಿವರ 2016ರಲ್ಲಿ ಮಾರಾಟಕ್ಕೆ ಬಂತು. ಇಂಥ ಪಟ್ಟಿ ಹಿಡಿದುಕೊಂಡು ಯಾರೂ ಒಂದೊಂದೇ ಟೈಪ್ ಮಾಡುತ್ತಾ ಕೂರುವುದಿಲ್ಲ. ಪ್ರೋಗ್ರಾಂ ಒಂದು ರಾತ್ರಿಯಿಡೀ ನೂರಾರು ಸೈಟುಗಳಲ್ಲಿ ಹಾಕಿ ನೋಡುತ್ತದೆ. ಎಲ್ಲಿ ತೆರೆಯಿತೋ ಅಲ್ಲಿ ಒಳಗೆ. ನಿಮ್ಮ ಇಮೇಲ್ ಇಂಥ ಸೋರಿಕೆಗಳಲ್ಲಿ ಸಿಕ್ಕಿಬಿದ್ದಿದೆಯಾ ಎಂದು 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ಸೈಟಿನಲ್ಲಿ ಸುಮ್ನೆ ಒಮ್ಮೆ ನೋಡಿ. 2013ರಿಂದ ಇದೆ, ದುಡ್ಡು ಕೊಡಬೇಕಿಲ್ಲ.

ಹಾಗಾಗಿ ಒಂದೊಂದು ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು. ಅಷ್ಟನ್ನೆಲ್ಲ ನೆನಪಿಟ್ಟುಕೊಳ್ಳಲು ಯಾರಿಂದಲೂ ಆಗಲ್ಲ. ಅವನ್ನೆಲ್ಲ ಭದ್ರವಾಗಿ ಇಟ್ಟುಕೊಂಡು ಬೇಕಾದಾಗ ತಾನೇ ತುಂಬುವ ಆ್ಯಪ್, ಅಂದರೆ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ.

ಇನ್ನೊಂದು ದಾರಿ ಫಿಶಿಂಗ್, ಅಂದರೆ ನಿಮ್ಮ ಕೈಯಿಂದಲೇ ಪಾಸ್‌ವರ್ಡ್ ಬರೆಸಿಕೊಳ್ಳುವುದು. 'ನಿಮ್ಮ ಖಾತೆ ಇವತ್ತೇ ಬಂದ್ ಆಗುತ್ತದೆ' ಎಂಬ ಮೆಸೇಜು, ಕೆಳಗೊಂದು ಲಿಂಕು. ಲಿಂಕಿನ ವಿಳಾಸ 'ಮೈಬ್ಯಾಂಕ್ ಡಾಟ್ ಕಾಮ್ ಡಾಟ್ ಹೆಲ್ಪ್‌ಲಾಗಿನ್ ಡಾಟ್ ನೆಟ್' ಅಂತ ಇದೆ ಅಂದುಕೊಳ್ಳಿ. ನಾವು ಎಡದಿಂದ ಓದುತ್ತೇವೆ, ಮೈಬ್ಯಾಂಕ್ ಕಂಡ ಕೂಡಲೇ ನಂಬಿಬಿಡುತ್ತೇವೆ. ಆದರೆ ಸೈಟಿನ ಯಜಮಾನ ಯಾರು ಅನ್ನುವುದು 'https://' ಆದ ಮೇಲೆ ಬರುವ ಮೊದಲ ಓರೆಗೆರೆಗೆ (/) ಮುಂಚೆ, ಬಲತುದಿಯಲ್ಲಿ ಇರುತ್ತದೆ. ಇಲ್ಲಿ ಅದು ಹೆಲ್ಪ್‌ಲಾಗಿನ್ ಡಾಟ್ ನೆಟ್. ಮೈಬ್ಯಾಂಕ್ ಅನ್ನುವುದು ಬರೀ ಬೋರ್ಡು, ಯಾರು ಬೇಕಾದರೂ ತಗುಲಿಸಬಹುದು. ವಿಳಾಸದ ಪಕ್ಕದ ಬೀಗದ ಚಿತ್ರವನ್ನೂ ನಂಬಬೇಡಿ. ಮೋಸದ ಸೈಟಿಗೂ ಅದು ಪುಕ್ಕಟೆ ಸಿಗುತ್ತದೆ. ಪಾಸ್‌ವರ್ಡ್ ಮ್ಯಾನೇಜರಿನ ಒಂದು ಲಾಭ ಇಲ್ಲೇ ಇದೆ: ವಿಳಾಸ ಬೇರೆಯಾದರೆ ಅದು ತಾನಾಗಿ ಪಾಸ್‌ವರ್ಡ್ ತುಂಬುವುದೇ ಇಲ್ಲ. ನಮ್ಮ ಕಣ್ಣು ಮೋಸ ಹೋದ ಕಡೆ ಅದು ಹೋಗುವುದಿಲ್ಲ.

ಜೊತೆಗೆ ಎರಡು ಹಂತದ ಲಾಗಿನ್ ಹಾಕಿಕೊಳ್ಳಿ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ. ಎಸ್ಎಂಎಸ್‌ನಲ್ಲಿ ಬರುವ ಓಟಿಪಿಗಿಂತ, ಫೋನಿನಲ್ಲೇ ಕೋಡ್ ತಯಾರಿಸುವ ಆಥೆಂಟಿಕೇಟರ್ ಆ್ಯಪ್ ವಾಸಿ. ಯಾಕೆಂದರೆ ನಿಮ್ಮ ನಂಬರನ್ನು ಬೇರೆ ಸಿಮ್‌ಗೆ ಮಾಡಿಸಿಕೊಳ್ಳುವ ಕಳ್ಳರೂ ಇದ್ದಾರೆ. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಪಿನ್‌ನಿಂದಲೇ ಒಳಗೆ ಬಿಡುವ ಪಾಸ್‌ಕೀ ಸಿಕ್ಕರೆ ಇನ್ನೂ ಒಳ್ಳೆಯದು.

ಆ್ಯಂಟಿವೈರಸ್ ವಿಷಯಕ್ಕೆ ಬಂದರೆ, ಅದು ಇರಲಿ. ಆದರೆ 'ಅಪ್‌ಡೇಟ್ ಮಾಡಿ' ಅಂತ ಬಂದಾಗ 'ಆಮೇಲೆ' ಒತ್ತುತ್ತೀರಿ, ಅಲ್ವಾ? 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಸುಮಾರು 150 ದೇಶಗಳ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಮುಖ್ಯವಾದ ಫೈಲುಗಳ ಒಂದು ನಕಲನ್ನು ಬೇರೆ ಡಿಸ್ಕಿನಲ್ಲಿ ಇಡಿ, ಕಾಪಿ ಆದ ಮೇಲೆ ವೈರ್ ಕಿತ್ತುಬಿಡಿ. ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ.

ಈಗ ನಿಮ್ಮ ಖಾತೆ. ಬೇರೆಲ್ಲದಕ್ಕಿಂತ ಮೊದಲು ಇಮೇಲನ್ನೇ ಸರಿಮಾಡಿ, ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕುಗಳು ಬರುವುದು ಅಲ್ಲಿಗೇ. ಹೊಸ ಪಾಸ್‌ವರ್ಡ್ ಹಾಕಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಅನ್ನುವ ಜಾಗ ತೆರೆಯಿರಿ. ಹೊರಗೆ ಹಾಕಿದ ಮೇಲೂ ನಿಮ್ಮ ಪತ್ರಗಳು ತಮಗೆ ಬರುತ್ತಲೇ ಇರಲಿ ಎಂದು ಕಳ್ಳರು ಅಲ್ಲಿ ತಮ್ಮ ವಿಳಾಸ ಸೇರಿಸಿ ಹೋಗುವುದುಂಟು. ಗೊತ್ತಿಲ್ಲದ ವಿಳಾಸ ಕಂಡರೆ ತೆಗೆದುಹಾಕಿ.